ಏಳು ಪೇಟಿಗಳ ನಡುಕ

ಶಿವಲೀಲಾ ಅಕ್ಕಾರು ಕಟ್ಟುವ ಸಂಗೀತಕ್ಕೆ ಏನೆಂದು ಹೆಸರಿಡಬೇಕೋ ಯಲಬುರ್ಗಾದವರಿಗೆ ಇವತ್ತಿಗೂ ತಿಳಿದಿಲ್ಲ. ರಾಗ ಇಲ್ಲ, ತಾಳ ಇಲ್ಲ, ತಲೆದೂಗೋಣವೆಂದರೆ ಎಲ್ಲಿ ದೂಗಬೇಕೋ ಗೊತ್ತಿಲ್ಲ. ಎದ್ದು ಹೋಗೋಣವೆಂದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೆರಡು ವರ್ಷ ಸಂಗೀತ ಕಲಿಸಿದ ಅಕ್ಕಾರು, ಅವರ ಎದುರು ಎದ್ದು ಹೋಗುವ ಎದೆ ಯಾರಿಗಿದೆ? ಹಾಗಾಗಿ ಜನ ಕೂತಿರುತ್ತಿದ್ದರು. ಒಮ್ಮೆ ಮನೆಯ ಹಿತ್ತಲಲ್ಲಿ ಎಂಟು ಕುಕ್ಕರುಗಳನ್ನು ಎಂಟು ಒಲೆಯ ಮೇಲಿಟ್ಟು, ಯಾವುದು ಯಾವಾಗ ಸೀಟಿ ಹೊಡೆಯಬೇಕೆಂದು ನೀರಿನ ಅಳತೆಯಲ್ಲೇ ಲೆಕ್ಕ ಹಾಕಿ ಒಂದು ಕೃತಿ ಮಾಡಿದ್ದರು. ಬೀಗರು ಬಿಜ್ಜರೆಲ್ಲ ಬಂದು ಕೇಳಿದರು, ಕೊನೆಗೆ ಅನ್ನ ಉಂಡು ಹೋದರು. ಇನ್ನೊಮ್ಮೆ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ನಲವತ್ತು ಹೆಣ್ಣುಮಕ್ಕಳನ್ನು ಕೂರಿಸಿ ಹನ್ನೊಂದು ನಿಮಿಷ ಬರೀ ಮೊರ ಕೇರಿಸಿದರು. ಅದರ ಧ್ವನಿಮುದ್ರಣವನ್ನು ಪುಣೆಯಲ್ಲಿ ಹಾಕಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಯಲಬುರ್ಗಾದಲ್ಲಿ ಮಾತ್ರ, ‘ರಿಟೈರ್ ಆದಮ್ಯಾಲೆ ಪಾಪ ಅಕ್ಕಾರಿಗೆ ಹೊತ್ತು ಹೋಗವಲ್ದು’ ಅಂದರು.

ಅಕ್ಕಾರಿಗೆ ಇದರಿಂದ ಬೇಜಾರಿತ್ತೇ ಎಂದರೆ, ಸುಳ್ಳು ಯಾಕೆ ಹೇಳಬೇಕು, ಇತ್ತು. ಊಟ ಬಿಡುವಷ್ಟಲ್ಲ. ಗಂಡ ಕೊಟ್ರಬಸಪ್ಪನವರು ಎಣ್ಣೆ ವ್ಯಾಪಾರಿ, ಹೆಂಡತಿಯ ಪ್ರತಿ ಕಾರ್ಯಕ್ರಮಕ್ಕೂ ಮೊದಲ ಸಾಲಿನಲ್ಲಿ ಕೂತು ನಿದ್ದೆ ಮಾಡುವ ನಿಷ್ಠಾವಂತರು. ಮನೆ ನೆಮ್ಮದಿಯದು, ಮೊಣಕಾಲು ಬಿಟ್ಟರೆ ಮೈಯೂ ಗಟ್ಟಿ. ಆದರೂ ಅರವತ್ತೊಂದು ವರ್ಷವಾಯಿತು, ತಾನು ಕೇಳುವುದನ್ನು ತನ್ನ ಸುತ್ತಲಿನ ಜನ ಒಂದೇ ಒಂದು ಸಲ ಕೇಳಬೇಕು ಎಂಬ ಆಸೆ ಹೋಗಿರಲಿಲ್ಲ. ಪುಣೆಯವರು ಎದ್ದು ನಿಂತರೇನು, ಪಕ್ಕದ ಬೇವೂರಿನವರು ಕೂತಲ್ಲೇ ಒಂದು ಸಲ ‘ಹೂಂ’ ಅನ್ನಬೇಕಿತ್ತು.

ಅವರು ಕೇಳುತ್ತಿದ್ದುದಾದರೂ ಏನು? ಹತ್ತು ವರ್ಷದವರಿದ್ದಾಗ ಶ್ರಾವಣದ ಭಜನೆಯಲ್ಲಿ ಎರಡು ಊರಿನ ಮಂಡಳಿಗಳ ನಡುವೆ ಕೂತಿದ್ದರಂತೆ. ಆ ಕಡೆ ಒಂದು ಹಾರ್ಮೋನಿಯಂ, ಈ ಕಡೆ ಒಂದು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ಎರಡೂ ಪೇಟಿಯವರು ಒಂದೇ ಮನೆ, ಅಂದರೆ ಒಂದೇ ಸ್ವರದ ಕೀಲಿ, ಒತ್ತಿ ಹಿಡಿದಿದ್ದಾರೆ, ಆದರೆ ಎರಡರ ಶ್ರುತಿ ಒಂದು ಕೂದಲೆಳೆ ಬೇರೆ. ಆಗ ಆ ಎರಡು ಸ್ವರಗಳ ನಡುವೆ ಒಂದು ನಡುಕ ಹುಟ್ಟಿತು. ವಾಂವ್, ವಾಂವ್, ವಾಂವ್ ಎಂದು ಹೊಟ್ಟೆಯೊಳಗೆ ಬಂದು ಹೋಗುತ್ತಿತ್ತು. ಅದು ಆ ಪೇಟಿಯದೂ ಅಲ್ಲ, ಈ ಪೇಟಿಯದೂ ಅಲ್ಲ. ಮುಂದೆ ಗದಗಿನಲ್ಲಿ ಗವಾಯಿಗಳ ಹತ್ತಿರ ಕಲಿಯುವಾಗ, ಶ್ರುತಿ ಕೂಡಿದ ಮೇಲೆ ಆ ನಡುಕ ಸಾಯಬೇಕು ಎಂದು ಅವರು ಹೇಳಿಕೊಟ್ಟರು. ಅಕ್ಕಾರು ಹೂಂ ಎಂದು ಕಲಿತರು. ಆದರೆ ಸತ್ತದ್ದರ ಮೇಲೆಯೇ ಮನಸ್ಸು ಉಳಿದುಬಿಟ್ಟಿತು. ಇಬ್ಬರು ಪೂರ್ತಿ ಒಪ್ಪಿಕೊಂಡರೆ ಅಲ್ಲಿ ಕೇಳಲು ಏನೂ ಇರುವುದಿಲ್ಲ, ಚೂರು ಒಪ್ಪದೆ ಜೊತೆಗೆ ಕೂತರೆ ಮೂರನೆಯದೊಂದು ಹುಟ್ಟುತ್ತದೆ: ಅವರ ಐವತ್ತು ವರ್ಷದ ವಿಚಾರವೆಲ್ಲ ಇಷ್ಟೇ.

ಈ ಸಲ ಅದನ್ನೇ ಹಿಡಿದರು. ಬೇವೂರು, ತಳಕಲ್, ಇಟಗಿ, ಬಳಗೇರಿ, ಮುಧೋಳ, ಸಂಕನೂರು, ಬನ್ನಿಕೊಪ್ಪ. ಏಳು ಊರಿನ ಭಜನಾ ಮಂಡಳಿಗಳು, ಏಳು ಹಳೆಯ ಪೇಟಿಗಳು. ಒಂದರ ಶ್ರುತಿ ಇನ್ನೊಂದಕ್ಕೆ ಹೊಂದುವುದಿಲ್ಲ ಎನ್ನುವುದನ್ನು ಅಕ್ಕಾರು ಊರೂರು ತಿರುಗಿ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಏಳೂ ಜನ ಒಂದೇ ಬಿಳಿ ಮನೆಯನ್ನು ಒತ್ತಿ ನಲವತ್ತು ನಿಮಿಷ ಹಿಡಿಯಬೇಕು, ಅದೇ ಕೃತಿ. ‘ಏಳೂರ ಷಡ್ಜ’ ಎಂದು ಹೆಸರಿಟ್ಟು ಚೀಟಿ ಅಚ್ಚು ಹಾಕಿಸಿದರು. ಕೊಟ್ರಬಸಪ್ಪನವರ ಹಳೆಯ ಶೇಂಗಾ ಗೋದಾಮು ಖಾಲಿಯಿತ್ತು, ಮೇಲೆ ತಗಡು, ಸ್ವರ ಹಿಡಿದರೆ ಮಾಡೇ ಗುಂಯ್ ಎನ್ನುತ್ತಿತ್ತು. ರವಿವಾರ ಹನ್ನೊಂದು ಗಂಟೆಗೆ ಎಂದು ಗೊತ್ತಾಯಿತು. ಸೋಮವಾರದಿಂದ ಎಲ್ಲ ಊರಲ್ಲೂ ಕಡಲೆ ಕೀಳುವುದಿತ್ತು, ಈ ಒಂದು ದಿನ ತಪ್ಪಿದರೆ ಏಳು ಮಂಡಳಿಗಳನ್ನು ಕೂಡಿಸುವುದು ಆಗದ ಮಾತು.

ಪೇಟಿಗಳು ಶುಕ್ರವಾರವೇ ಬಂದು ಗೋದಾಮಿನಲ್ಲಿ ಕೂತವು. ಅಕ್ಕಾರು ಧಾರವಾಡದಿಂದ ಬರುವ ಅತಿಥಿಗಳ ವ್ಯವಸ್ಥೆಗೆಂದು ಕೊಪ್ಪಳಕ್ಕೆ ಹೋದರು. ರವಿವಾರ ಒಂಬತ್ತೂವರೆಗೆ ವಾಪಸು ಬಂದು ನೋಡಿದರೆ ಗೋದಾಮಿನ ನಡುವೆ ಹಾಜಿಸಾಬರು ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

ಹಾಜಿಸಾಬರು ಪೇಟಿ ರಿಪೇರಿಯವರು. ಎಪ್ಪತ್ತರ ಮುದುಕ, ಕುಕನೂರಿನಲ್ಲಿ ಒಂದು ಸಣ್ಣ ಅಂಗಡಿ, ಸುತ್ತ ಮೂವತ್ತು ಊರಿನ ಪೇಟಿಗಳ ಹೊಟ್ಟೆ ಅವರಿಗೆ ಗೊತ್ತು. ಅಕ್ಕಾರನ್ನು ಕಂಡು ಮುಖ ಅರಳಿಸಿದರು.

“ಬರ್ರಿ ಅಕ್ಕಾರ. ನಿಮ್ಮ ಚೀಟಿ ನೋಡಿದೆ. ಧಾರವಾಡದಿಂದ ದೊಡ್ಡ ದೊಡ್ಡ ಮಂದಿ ಬರ್ತಾರಂತ, ಈ ಪೇಟಿ ನೋಡಿದ್ರ ಒಂದೊಂದು ಒಂದೊಂದು ದಿಕ್ಕಿಗೆ ಅದಾವ. ನಿಮ್ಮ ಮರ್ಯಾದಿ ಏನಾಗಬೇಕು, ನನ್ನ ಮರ್ಯಾದಿ ಏನಾಗಬೇಕು? ಎರಡು ದಿನ ಕುಂತು ಏಳೂ ಕೂಡಿಸೀನ್ರಿ. ರೊಕ್ಕದ ಮಾತು ಎತ್ತಬ್ಯಾಡ್ರಿ ಮತ್ತ. ಬಾರಿಸಿ ನೋಡ್ರಿ.”

ಅಕ್ಕಾರು ತಳಕಲ್ಲಿನ ಪೇಟಿಯ ತಿದಿ ಎಳೆದು ಬಿಳಿ ಮನೆ ಒತ್ತಿದರು. ಹಾಜಿಸಾಬರು ಪಕ್ಕದ ಇಟಗಿಯದರ ತಿದಿ ಎಳೆದು ಅದೇ ಮನೆ ಒತ್ತಿದರು. ಎರಡು ಸ್ವರ ಒಂದರಲ್ಲೊಂದು ಕೂತು ಸುಮ್ಮನಾದವು. ಬಳಗೇರಿ, ಮುಧೋಳ, ಎಲ್ಲ ಹಾಗೆಯೇ. ಹಾಜಿಸಾಬರ ಕೆಲಸದಲ್ಲಿ ಕುಂದು ಹುಡುಕುವವನು ಇನ್ನೂ ಹುಟ್ಟಬೇಕು.

“ಭಾಳ ಛಲೋ ಆಗೈತ್ರಿ ಕಾಕಾ” ಎಂದರು ಅಕ್ಕಾರು. ಬೈಯಬೇಕೆಂದರೂ ಹೇಗೆ ಬೈಯುವುದು? ಎರಡು ದಿನ ಮೊಣಕಾಲ ಮೇಲೆ ಕೂತು ಪ್ರೀತಿಯಿಂದ ಮಾಡಿದ ಕೆಲಸ. ಆದರೂ ಬಿಡದೆ ಪೇಟಿಯಿಂದ ಪೇಟಿಗೆ ಹೋಗಿ ಒತ್ತುತ್ತಲೇ ಇದ್ದರು, ಎಲ್ಲಾದರೂ ಒಂದು ಚೂರು ಉಳಿದಿರಬಹುದೇ ಎಂದು.

ಹಾಜಿಸಾಬರ ಕಿವಿ ಸಾಮಾನ್ಯದ ಕಿವಿಯಲ್ಲ. “ಏನ ಹುಡುಕಾಕತ್ತೀರಿ ಅಕ್ಕಾರ?” ಎಂದರು.

“ನಡುಕ.”

“ತೆಗದೀನಲ್ರಿ.”

“ನನಗ ಅದ ಬೇಕಾಗಿತ್ರಿ ಕಾಕಾ. ಅದರ ಸಲುವಾಗಿನ ಏಳೂರಿಂದ ತರಿಸಿದ್ದೆ.”

ಹಾಜಿಸಾಬರು ಮೊದಲು ಅಕ್ಕಾರು ಚೇಷ್ಟೆ ಮಾಡುತ್ತಿದ್ದಾರೆಂದೇ ತಿಳಿದರು. ಅವರ ಕಣ್ಣು ತುಂಬಿದ್ದನ್ನು ನೋಡಿ ಕೈಯಲ್ಲಿದ್ದ ಕಾನಸನ್ನು ಕೆಳಗಿಟ್ಟರು. ಪೇಟಿಯೊಳಗೆ ದನಿಗೊಡುವ ಹಿತ್ತಾಳೆಯ ರೀಡುಗಳನ್ನು ಉಜ್ಜಿ ಶ್ರುತಿ ಕೂಡಿಸುವ ಆ ಸಣ್ಣ ಕಾನಸಿನಿಂದಲೇ ಅವರ ಮನೆ ನಡೆದದ್ದು.

“ಐವತ್ತು ವರ್ಷ ನಾ ಕಸಾ ಅಂತ ಉಜ್ಜಿ ಒಗದದ್ದು ನಿಮಗ ಸಂಗೀತ ಏನ್ರಿ?” ಎಂದು ಕೇಳಿದರು. ಸಿಟ್ಟೂ ಇತ್ತು, ನೋವೂ ಇತ್ತು.

ಅಕ್ಕಾರು ಪಕ್ಕದಲ್ಲಿ ಕೂತು ಶ್ರಾವಣದ ಭಜನೆಯ ಕಥೆ ಹೇಳಿದರು. ಪುಣೆಯಲ್ಲಿ, ಧಾರವಾಡದಲ್ಲಿ ಎಷ್ಟೋ ಪಂಡಿತರಿಗೆ ಹೇಳಿದ್ದರು, ಅವರೆಲ್ಲ ಗಡ್ಡ ನೀವಿಕೊಂಡು ಕೇಳಿದ್ದರು. ಹಾಜಿಸಾಬರು ಮಾತ್ರ ಅರ್ಧಕ್ಕೇ ಕೈ ಎತ್ತಿದರು.

“ಇದನ್ನ ನನಗ ಹೇಳ್ತೀರೇನ್ರಿ? ದಿನಾ ನಾ ಕೇಳೋದು ಅದನ್ನ. ಅದು ಕೇಳಿದ್ರನ ಶ್ರುತಿ ಎಷ್ಟು ತಪ್ಪೈತಿ ಅಂತ ತಿಳಿಯೋದು. ಮೊದಲ ಜೋರ ನಡುಗತೈತಿ, ಉಜ್ಜಿದಂಗ ನಿಧಾನ ಆಗತೈತಿ, ಕಡೀಕ ಒಂದ ಉದ್ದ ಉಸಿರು ಬಿಟ್ಟಂಗಾಗಿ ನಿಂತಬಿಡತೈತಿ.” ಕೆಳಗಿಟ್ಟ ಕಾನಸನ್ನು ಮತ್ತೆ ಎತ್ತಿ ಅಂಗಿಗೆ ಒರೆಸಿದರು. “ಖರೇ ಹೇಳಬೇಕಂದ್ರ, ನಿಲ್ಲಿಸೋ ಮೊದಲ ನಾನೂ ಜರಾ ಹೊತ್ತು ಕೇಳ್ತಿರ್ತೀನ್ರಿ. ಯಾರಿಗೂ ಹೇಳಿಲ್ಲ.”

ಹೊರಗೆ ಆಗಲೇ ಟಂಟಂ ಗಾಡಿಗಳು ಬಂದು ನಿಲ್ಲತೊಡಗಿದ್ದವು. ಕೊಟ್ರಬಸಪ್ಪನವರು ಬಾಗಿಲಲ್ಲಿ ನಿಂತು ಬಂದವರಿಗೆ ನೀರು ಕೊಡಿಸುತ್ತಿದ್ದರು.

“ಮತ್ತ ಮೊದಲಿನಂಗ ಮಾಡಾಕ ಬರತೈತೇನ್ರಿ ಕಾಕಾ?”

“ಕಾನಸು ಹಾಕಿ ಕೆಡಸಂದ್ರ ನನ್ನ ಕೈಲೆ ಆಗಂಗಿಲ್ರಿ. ರೀಡು ಸಾಯತಾವ.” ಗಡ್ಡ ಕೆರೆದುಕೊಂಡರು. “ಮೇಣ ಹಚ್ಚಬಹುದು. ಒಂದೊಂದು ಮನಿಗೆ ಎರಡೆರಡು ರೀಡು ಅದಾವ, ಒಂದರ ತುದಿಗೆ ಸಾಸಿವಿಯಷ್ಟು ಮೇಣ ಹಚ್ಚಿದ್ರ ಅದರ ಸ್ವರ ಇಳಿತೈತಿ, ಜೋಡಿ ನಡುಗತೈತಿ. ಬ್ಯಾಡಂದಾಗ ತೆಗದ್ರ ಮತ್ತ ಸ್ವಚ್ಛ. ಯಾವ ಊರಿನ ಪೇಟಿ ಎಷ್ಟು ಇಳಿದಿತ್ತು ಅನ್ನೋದು ನನ್ನ ತಲಿಯಾಗ ಐತಿ. ಆದ್ರ ಏಳು ಪೇಟಿ ಬಿಚ್ಚಿ ಹಚ್ಚಿ ಮುಚ್ಚಾಕ ತಾಸಿನ ಮ್ಯಾಲ ಬೇಕು. ಮಂದಿ ಬಂದಾರ.”

ಅಕ್ಕಾರು ಅವರ ಮುಖವನ್ನೇ ನೋಡಿದರು.

“ಮಂದಿ ಮುಂದ ಹಚ್ರಿ.”

“ಏನಂದ್ರಿ?”

“ಅವರು ಸ್ವರ ಹಿಡಿದಿರಲಿ. ನೀವು ಒಂದೊಂದ ಪೇಟಿ ಬಿಚ್ಚಿ ಮೇಣ ಹಚ್ಚಿ ಕೊಡ್ರಿ. ಅದ ಕಾರ್ಯಕ್ರಮ.”

ಹಾಜಿಸಾಬರು ಬೆವೆತರು. ಏಳು ಊರಿನವರ ಕಣ್ಣೆದುರು, ಅದೂ ತಾನೇ ಕೂಡಿಸಿದ ಪೇಟಿಗಳನ್ನು ತಾನೇ ಕೆಡಿಸುವುದೆಂದರೆ ಅಂಗಡಿಗೆ ಬೀಗ ಹಾಕಿದಂತೆಯೇ. ಹಾಗೆಂದು ಹೇಳಿಯೂ ಹೇಳಿದರು. ಆದರೆ ಅಕ್ಕಾರ ಮಾತಿಗೋ, ತನ್ನಿಂದಾದ ತಪ್ಪಿಗೋ, ಏಳು ಪೇಟಿ ಒಟ್ಟಿಗೆ ನಡುಗುವುದನ್ನು ತಾನೂ ಒಮ್ಮೆ ಕೇಳಬೇಕೆಂಬ ಚಪಲಕ್ಕೋ, ಕೊನೆಗೆ ಮೇಣದ ಡಬ್ಬಿ ಕೈಗೆ ತೆಗೆದುಕೊಂಡರು.

ಹನ್ನೊಂದು ಗಂಟೆಗೆ ಗೋದಾಮು ತುಂಬಿತ್ತು. ಏಳು ಜನ ಅರ್ಧ ಚಂದ್ರಾಕಾರದಲ್ಲಿ ಕೂತು ತಿದಿ ಎಳೆದರು. ಒಂದೇ ಸ್ವರ, ಏಳು ಪೇಟಿ, ಸಪಾಟಾಗಿ ನಿಂತಿತು. ಎರಡು ನಿಮಿಷ, ಮೂರು ನಿಮಿಷ. ಜನ ಕೆಮ್ಮಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕಾರು ಗೋಡೆಗೆ ಆತು ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಹಾಜಿಸಾಬರು ತಳಕಲ್ಲಿನ ಪೇಟಿಯ ಮುಂದೆ ಕೂತರು. ಆ ಪೇಟಿ ಬಾಯಿ ಮುಚ್ಚಿತು, ಉಳಿದ ಆರು ಹಿಡಿದುಕೊಂಡವು. ಮುಚ್ಚಳ ತೆಗೆದು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಬೆರಳ ತುದಿಯಲ್ಲಿ ಮೇಣ ಉರುಟಿ ಹಚ್ಚಿ ಮತ್ತೆ ಕೂಡಿಸಿದರು. ತಿದಿ ಎಳೆದದ್ದೇ ತಡ, ಆ ಸಪಾಟಾದ ಸ್ವರ ಒಮ್ಮೆ ಮೆಲ್ಲಗೆ ಉಬ್ಬಿ ಇಳಿಯಿತು. ಮತ್ತೆ ಉಬ್ಬಿತು. ಕೆಮ್ಮು ನಿಂತಿತು. ಇಟಗಿಯ ಪೇಟಿ ಸೇರಿಕೊಂಡಾಗ ನಡುಕ ಎರಡಾಯಿತು, ಬಳಗೇರಿಯದು ಬಂದಾಗ ಎಷ್ಟೆಂದು ಹೇಳಲಾಗಲಿಲ್ಲ. ಮಾಡಿನ ತಗಡು ದನಿಗೂಡಿಸಿತು. ಕೂತವರ ಎದೆಯಲ್ಲಿ, ಕೆಳಗೆ ಊರಿದ ಅಂಗೈಯಲ್ಲಿ, ನೀರಿನ ಕೊಡದಲ್ಲಿ, ಎಲ್ಲ ಕಡೆ ಅದು ಬಂದು ಹೋಗುತ್ತಿತ್ತು. ಕೊಟ್ರಬಸಪ್ಪನವರು ಮೊದಲ ಸಾಲಿನಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ದರು. ಮೂವತ್ತೇಳು ವರ್ಷದ ಸಂಸಾರದಲ್ಲಿ ಅಕ್ಕಾರು ಇದನ್ನು ಇದೇ ಮೊದಲು ನೋಡಿದ್ದು.

ನಲವತ್ತು ನಿಮಿಷ ಎಂದು ಬರೆದದ್ದು ಒಂದು ತಾಸು ದಾಟಿತು. ಹಾಜಿಸಾಬರು ಅವಸರ ಮಾಡಲಿಲ್ಲ. ಒಂದು ಪೇಟಿಗೆ ಮೇಣ ಹೆಚ್ಚಾಯಿತೆಂದು ಮತ್ತೆ ಬಿಚ್ಚಿ ಚೂರು ತೆಗೆದರು, ಕಣ್ಣು ಮುಚ್ಚಿ ಕೇಳಿದರು, ತಲೆಯಾಡಿಸಿ ಮುಂದಿನದಕ್ಕೆ ಹೋದರು. ಜನ ಆ ಮುದುಕನ ಬೆರಳನ್ನೇ ನೋಡುತ್ತಿದ್ದರು. ತಾನು ಬರೆದದ್ದಕ್ಕಿಂತ ಇದು ಎಷ್ಟೋ ಮೇಲಾಯಿತೆಂದು ಅಕ್ಕಾರಿಗೆ ಗೊತ್ತಾಯಿತು, ಮತ್ತು ಹೊಟ್ಟೆಕಿಚ್ಚು ಪಡುವ ಬದಲು ಖುಷಿಯಾಯಿತು.

ಮುಗಿದ ಮೇಲೆ ಚಪ್ಪಾಳೆ ತಡವಾಗಿ ಬಂತು. ಧಾರವಾಡದ ಅತಿಥಿಗಳು ಇಪ್ಪತ್ತು ನಿಮಿಷ ಮಾತಾಡಿದರು, ಅದರಲ್ಲಿ ಒಂದು ಮಾತೂ ಯಾರ ತಲೆಗೂ ಹೋಗಲಿಲ್ಲ. ಜನ ಉಪ್ಪಿಟ್ಟಿಗೆ ಎದ್ದರು. ಊರಿನವರು ಏನಂದಾರು ಎಂದು ಅಕ್ಕಾರು ಬಾಗಿಲ ಕಡೆ ಕಿವಿಯಿಟ್ಟರು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯೆಂಬ ಮಾತು ಬಿಟ್ಟು ಬೇರೆ ಕೇಳಿಸಲಿಲ್ಲ.

ಹಾಜಿಸಾಬರು ಮೇಣ ತೆಗೆಯಲೆಂದು ಸೂಜಿ, ಬಟ್ಟೆ ಹಿಡಿದು ಬೇವೂರಿನ ಪೇಟಿಯ ಮುಂದೆ ಕೂತರು. ಅದನ್ನು ಬಾರಿಸಿದವಳು ಅಲ್ಲಿನ ಹೆಣ್ಣುಮಕ್ಕಳ ಮಂಡಳಿಯ ದುರುಗವ್ವ, ಐವತ್ತರ ಹೆಂಗಸು, ಕೂಲಿಗೆ ಹೋಗುವವಳು, ಬೆಳಗಿನಿಂದ ಯಾರ ಜೊತೆಯೂ ಮಾತಾಡದವಳು. ಹಾಜಿಸಾಬರು ಮುಚ್ಚಳಕ್ಕೆ ಕೈ ಹಾಕಿದಾಗ ಅವಳು ಅದರ ಮೇಲೆ ತನ್ನ ಕೈ ಇಟ್ಟಳು.

“ಮೇಣ ಇರ್ಲಿ ಬಿಡ್ರಿ ಕಾಕಾ.”

“ಯಾಕವ್ವ? ತೆಗದ ಕೊಡ್ತೀನಿ, ಸ್ವಚ್ಛ ಆಗತೈತಿ.”

ದುರುಗವ್ವ ಅಕ್ಕಾರ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. “ಮುಂಜಾನಿ ಬಂದು ಇದನ್ನ ಬಾರಿಸಿದಾಗ ಪೇಟಿ ಅದಲು ಬದಲು ಆಗೈತಿ ಅಂತ ತಿಳಿದಿದ್ದೆರಿ. ಎರಡು ದಿನ ಕುಂತು ಮಾಡೀರಿ, ನಿಮಗ ಹೆಂಗ ಹೇಳೋದು ಅಂತ ಸುಮ್ಮಕಿದ್ದೆ. ನೀವು ಮೇಣ ಹಚ್ಚಿದ ಮ್ಯಾಲೆ ನಮ್ಮ ಪೇಟಿ ನಮಗ ಬಂತು. ನಮ್ಮ ಅತ್ತಿ ಬಾರಿಸಿದಾಗಿಂದ ಇದು ಹಿಂಗ ನಡುಗತೈತ್ರಿ. ಈ ನಡುಕದ ಮ್ಯಾಲೆ ನಾವು ದನಿ ಎತ್ತಿ ಹಾಡೋದು.”

ಅಕ್ಕಾರು ದುರುಗವ್ವನ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟರು. ಅಷ್ಟರಲ್ಲಿ ಸಂಕನೂರಿನವನೂ ತನ್ನ ಪೇಟಿಯನ್ನು ತಬ್ಬಿಕೊಂಡು ಆಚೆ ಸರಿಸಿದ್ದ.

ಹಾಜಿಸಾಬರಿಗೆ ಮುಖಭಂಗವಾಯಿತೋ ನಗು ಬಂತೋ ಅವರಿಗೇ ತಿಳಿಯಲಿಲ್ಲ. “ಮೇಣ ಐತವ್ವ ಇದು. ಬ್ಯಾಸಗಿಗೆ ಕರಗತೈತಿ” ಎಂದರು.

“ಕರಗಿದ್ರ ತರ್ತೀವ್ರಿ” ಎಂದಳು ದುರುಗವ್ವ, “ನೀವು ಮತ್ತ ಹಚ್ಚಿ ಕೊಡ್ರಿ.”