ಟಿ.ಪಿ.ಎಂ. ನಿಷ್ಕ್ರಿಯವಾಗಿದೆ

"ತಲೆ ವಾಲ್ತಾ ಐತೆ, ಹಿಡ್ಕಳ್ರೇ!" ಎಂದು ಪಕ್ಕದ ಮನೆಯ ಕರಿಬಸಮ್ಮ ಕೂಗಿದಳು.

ಗೋಡೆಗೆ ಒರಗಿಸಿ ಕೂರಿಸಿದ್ದ ಪಂಚಾಕ್ಷರಪ್ಪನ ಹೆಣ ಎಡಕ್ಕೆ ಜಾರುತ್ತಿತ್ತು. ತೀರ್ಥಮ್ಮ ಗಂಡನ ಗಲ್ಲಕ್ಕೆ ಕೈಕೊಟ್ಟು ನೆಟ್ಟಗೆ ಮಾಡಿದಳು. ಮಗಳು ಕೋಮಲಾ ಹಣೆಗೆ ಕಟ್ಟಿದ್ದ ಬಟ್ಟೆಯನ್ನು ಹಿಂದಿನ ಹಲಗೆಗೆ ಬಿಗಿದಳು. ಅಷ್ಟರಲ್ಲಿ ವಿಭೂತಿ ಅಳಿಸಿಹೋಗಿತ್ತು. ತೀರ್ಥಮ್ಮ ಮತ್ತೆ ಮೂರು ಬೆರಳಲ್ಲಿ ಎಳೆದಳು.

ಬೀದಿಯಲ್ಲಿ ಬಿಳಿ ಕಾರು ಬಂದು ನಿಂತಿತು. ಗಾಜಿನ ಹಿಂದೆ 'ತಾಲ್ಲೂಕು ಪಂಚಾಯಿತಿ ಸದಸ್ಯರು' ಎಂಬ ಬೋರ್ಡು. ಅವಧಿ ಮುಗಿದು ವರ್ಷಗಳೇ ಆಗಿದ್ದವು. ಬೋರ್ಡಿಗೆ ಮಾತ್ರ ಅದು ಗೊತ್ತಿರಲಿಲ್ಲ. ಇಳಿದವನು ಸಿದ್ದೇಶ್, ಪಂಚಾಕ್ಷರಪ್ಪ ಇಪ್ಪತ್ತಾರು ವರ್ಷ ದುಡಿದ ಹೈಸ್ಕೂಲಿನ ಸಮಿತಿ ಅಧ್ಯಕ್ಷ. ಅವನ ಹಿಂದೆ, ತರೀಕೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅವನ ಭಾವಮೈದ ರುದ್ರಮೂರ್ತಿ ಎರಡೂ ಕೈಯಲ್ಲಿ ಹಾರ ಹೊತ್ತು ಬಂದ. ಹಾರದ ರಿಬ್ಬನ್ನಿನ ಮೇಲೆ ಸಿದ್ದೇಶನ ಹೆಸರು ಗೇಣುದ್ದ ಇತ್ತು, ಸತ್ತವನದು ಬೆರಳುದ್ದ. ಥೂ! ತೀರ್ಥಮ್ಮ ಮುಖ ಆ ಕಡೆ ತಿರುಗಿಸಿದಳು.

"ತೀರ್ಥಕ್ಕ, ನಮ್ಮನೆ ಮನ್ಷನ್ನೇ ಕಳ್ಕಂಡಂಗಾಯ್ತು ಕಣಕ್ಕ" ಎಂದ ಸಿದ್ದೇಶ್. ಹೇಳುತ್ತಲೇ ಹೆಣದ ಪಕ್ಕಕ್ಕೆ ಸರಿದು ಮುಖ ಸಪ್ಪಗೆ ಮಾಡಿದ. ರುದ್ರಮೂರ್ತಿ ಮೊಬೈಲೆತ್ತಿ ಫೋಟೋ ಹೊಡೆದ. ಒಂದು ಸರಿ ಬರಲಿಲ್ಲವೆಂದು ಇನ್ನೊಂದು ಹೊಡೆದ.

ಅವರು ಆಚೆ ಹೋದ ಮೇಲೆ ಕರಿಬಸಮ್ಮ ಪಕ್ಕದವಳ ಕಿವಿಯಲ್ಲಿ ಅಂದಳು: "ದೇವರಂಥ ಮನ್ಷ ಕಣೇ. ಆ ಸ್ಕೂಲಿನ ಕಂಪ್ಯೂಟ್ರೆಲ್ಲ ಕೆಡಿಸ್ದೆ ಹೋಗಿದ್ರೆ ಇನ್ನೂ ಎರಡು ವರ್ಷ ಕೆಲ್ಸ ಇರ್ತಿತ್ತು."

ಪಿಸುಮಾತು ತೀರ್ಥಮ್ಮನಿಗೆ ಕೇಳಿಸಿತು. ಕೇಳಿಸದೆ ಏನು, ಊರಿಗೆ ಊರೇ ಆಡಿಕೊಳ್ಳುತ್ತಿದ್ದ ಮಾತು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಆದರೆ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಗಂಡ ಮಾತು ತೆಗೆದುಕೊಂಡಿದ್ದ. ಕೋಮಲಾಗೂ ಹೇಳಿರಲಿಲ್ಲ. ಇವತ್ತು ಸುಮ್ಮನಿದ್ದರೆ 'ಕಂಪ್ಯೂಟರ್ ಕೆಡಿಸಿದ ಪಂಚಾಕ್ಷರಪ್ಪ' ಎಂಬ ಹೆಸರೇ ಊರಲ್ಲಿ ಉಳಿಯುತ್ತದೆ. ಬಾಯಿ ಬಿಟ್ಟರೆ ಸತ್ತವನಿಗೆ ಕೊಟ್ಟ ಮಾತು ಮುರಿಯುತ್ತದೆ. ಏನು ಮಾಡುವುದೆಂದು ತಿಳಿಯದೆ ಅವಳು ಗಂಡನ ಮುಖವನ್ನೇ ನೋಡುತ್ತ ಕೂತಳು.

*

ಹಿಂದಿನ ವರ್ಷ ದಸರೆ ರಜೆ ಮುಗಿದಾಗ ರುದ್ರಮೂರ್ತಿ ಸ್ಕೂಲಿಗೆ ಬಂದು ಹದಿನಾಲ್ಕು ಕಂಪ್ಯೂಟರುಗಳನ್ನೂ ನಿಂತಲ್ಲಿಂದಲೇ ನೋಡಿ ತೀರ್ಪು ಕೊಟ್ಟಿದ್ದ. "ಹಳೇ ಸಾಫ್ಟ್‌ವೇರ್ ವರ್ಶನ್ನಿಗೆ ಇನ್ಮೇಲೆ ಕಂಪನಿಯವರು ರಕ್ಷಣೆ ಕೊಡಲ್ಲ. ಹೊಸಾದನ್ನ ಇವ್ಯಾವೂ ತಗಳಲ್ಲ. ಎಲ್ಲಾ ಗುಜರಿ."

ಪರದೆಯ ಮೇಲೂ ಹಾಗೇ ಬರುತ್ತಿತ್ತು: ಈ ಯಂತ್ರಕ್ಕೆ ಹೊಸತು ಹಾಕಲಾಗದು. ಪಂಚಾಕ್ಷರಪ್ಪ ಮಾತ್ರ ನಂಬಲಿಲ್ಲ. ಟೈಪ್‌ರೈಟಿಂಗ್ ಮೇಷ್ಟರಾಗಿ ಸೇರಿ, ಕಾಲ ಬದಲಾದಂತೆ ತಾನೇ ಪುಸ್ತಕ ಓದಿ ಕಂಪ್ಯೂಟರ್ ಕಲಿತವನು. ಎರಡು ಭಾನುವಾರ ಲ್ಯಾಬಿನಲ್ಲೇ ಕೂತ. ಊಟಕ್ಕೂ ಬರದವನಿಗೆ ತೀರ್ಥಮ್ಮ ಬುತ್ತಿ ಒಯ್ದಳು.

"ಬಾರೇ ಇಲ್ಲಿ. ಇದ್ರೊಳಗೆ ಒಂದು ಬೀಗ ಐತೆ. ಟಿ.ಪಿ.ಎಂ. ಅಂತಾರೆ. ಚಿಪ್ಪು. ಅದು ಮಲಗ್ಬಿಟ್ಟೈತೆ, ಅಷ್ಟೇಯ."

"ಎಬ್ಬಿಸ್ರಿ ಮತ್ತೆ."

"ಅದೇ ಮಾಡ್ತಿರೋದು" ಎಂದು ಒಂದು ಗುಂಡಿ ಒತ್ತಿದ. ನೀಲಿ ಅಕ್ಷರಗಳ ಪುಟ ಬಂತು. ಆಫ್ ಇದ್ದ ಒಂದು ಸಾಲನ್ನು ಆನ್ ಮಾಡಿದ. ಯಂತ್ರ ಮತ್ತೆ ಶುರುವಾದಾಗ ಪರದೆ ತನ್ನ ಮಾತು ತಿರುಗಿಸಿತ್ತು: ಹೊಸತು ಹಾಕಬಹುದು. ಪಂಚಾಕ್ಷರಪ್ಪ, ಮಗಳು ಮೊದಲ ಸಲ ನಡೆದಾಗ ನಕ್ಕಂತೆ ನಕ್ಕ.

"ಎಲ್ಲಾವೂ ಓಡ್ತಾವಾ?"

"ಹನ್ನೊಂದು ಓಡ್ತವೆ. ಮೂರು ನಿಜವಾಗ್ಲೂ ಮುದಿಯಾಗವೆ, ಆಗಲ್ಲ. ಆಗಲ್ಲ ಅಂತ್ಲೇ ಬರೀತೀನಿ. ಸುಳ್ಳು ಹೇಳ್ಬಾರ್ದು."

ವರದಿಯನ್ನು ಮುತ್ತಿನಂಥ ಕನ್ನಡದಲ್ಲಿ ತಾನೇ ಟೈಪ್ ಮಾಡಿ ಸಮಿತಿಗೆ ಕೊಟ್ಟ.

*

ಊರಲ್ಲಿ ಸಿದ್ದೇಶನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ತಾಲ್ಲೂಕು ಪಂಚಾಯಿತಿಗೆ ಗೆದ್ದಾಗಿನಿಂದ ಎಲ್ಲರಿಗೂ ಅವನು ಟಿ.ಪಿ. ಮೆಂಬರು. ಹಬ್ಬದ ಬ್ಯಾನರುಗಳಲ್ಲಿ ಹೆಸರಿನ ಮುಂದೆ 'ಟಿ.ಪಿ.ಎಂ.' ಎಂದು ಅವನೇ ಹಾಕಿಸಿಕೊಳ್ಳುತ್ತಿದ್ದ. ಅಂಥವನು ಸಮಿತಿ ಸಭೆಯಲ್ಲಿ ವರದಿಯನ್ನು ಗಟ್ಟಿಯಾಗಿ ಓದಿದ: "ಹನ್ನೊಂದು ಕಡೆ ಟಿ.ಪಿ.ಎಂ. ನಿಷ್ಕ್ರಿಯವಾಗಿದೆ. ಅದನ್ನು ಎಬ್ಬಿಸಿದರೆ ಹೊಸ ಕಂಪ್ಯೂಟರ್ ಕೊಳ್ಳುವ ಅಗತ್ಯ ಇರುವುದಿಲ್ಲ."

ಓದಿದವನು ಕಾಗದ ಮೇಜಿಗೆ ಬಡಿದ.

"ನಾನು ನಿಷ್ಕ್ರಿಯನೇನೋ? 'ಅದನ್ನು' ಅಂತ ಬೇರೆ ಬರ್ದಿದ್ದೀಯ, ನಾನೇನು ದನವಾ?"

ಪಂಚಾಕ್ಷರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ನಗು ಉಕ್ಕಿಬಂತು. "ಅಯ್ಯೋ, ಅದು ನೀವಲ್ಲ ಸಾರ್..." ಎಂದವನು ಮುಂದೆ ಮಾತಾಡಲಾರದೆ ಹೊಟ್ಟೆ ಹಿಡಿದುಕೊಂಡ. ಆ ನಗುವೇ ಅವನಿಗೆ ಮುಳುವಾಯಿತು. ಉಳಿದ ಸದಸ್ಯರಿಗೂ ಟಿ.ಪಿ.ಎಂ. ಅಂದರೆ ಸಿದ್ದೇಶನೇ. ರುದ್ರಮೂರ್ತಿಯೂ ಅಲ್ಲೇ ಇದ್ದ. ಕಂಪ್ಯೂಟರ್ ಮಾರುವವನಿಗೆ ಆ ಮೂರಕ್ಷರದ ಅರ್ಥ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ತುಟಿ ಬಿಚ್ಚಲಿಲ್ಲ. "ನಾಳೆಯಿಂದ ಬರೋದು ಬ್ಯಾಡ" ಎಂದು ಸಿದ್ದೇಶ್ ಎದ್ದುಹೋದ.

ನಡುಮಧ್ಯಾಹ್ನ ಮನೆಗೆ ಬಂದ ಪಂಚಾಕ್ಷರಪ್ಪ ಜಗುಲಿಯಲ್ಲಿ ಕೂತು ಇನ್ನೂ ನಗುತ್ತಿದ್ದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ ಕಣೇ!"

"ಹೋಗಿ ಊರೋರಿಗೆಲ್ಲ ಹೇಳ್ರಿ, ಮಾನ ಹೋಗ್ಲಿ ಅವಂದು."

ಅವನ ನಗು ನಿಂತಿತು. "ಬ್ಯಾಡ. ನೀನೂ ಹೇಳ್ಬ್ಯಾಡ, ಆಣೆ ಮಾಡು. ಅವನು ಸಾಯೋಗಂಟ ಊರು ಆಡ್ಕಂಡು ನಗುತ್ತೆ. ಅವನ ಮಕ್ಳು ಅದೇ ಸ್ಕೂಲಲ್ಲಿ ಓದ್ತಾವೆ. ನಾನೇ ಮೆಲ್ಲಗೆ ಅವನೊಬ್ಬನಿಗೇ ತಿಳಿಸ್ತೀನಿ."

ಮೂರು ಸಲ ಹೋದ. ಮೂರು ಸಲವೂ ಸಿದ್ದೇಶ್ ಗೇಟು ತೆಗೆಸಲಿಲ್ಲ. ವಾರದೊಳಗೆ ಹದಿನಾಲ್ಕೂ ಯಂತ್ರಗಳು ಗುಜರಿ ಟೆಂಪೊ ಹತ್ತಿದವು, ರುದ್ರಮೂರ್ತಿಯ ಅಂಗಡಿಯ ಹೊಸ ಡಬ್ಬಗಳು ಇಳಿದವು. ಪಂಚಾಕ್ಷರಪ್ಪನೇ ಕೈಯಾಡಿಸಿ ಎಲ್ಲ ಕೆಡಿಸಿದನಂತೆ ಎಂಬ ಸುದ್ದಿ ಹುಟ್ಟಿತು. ಅವನು ಆ ಜಗುಲಿಯಲ್ಲಿ ಮತ್ತೆ ನಗಲಿಲ್ಲ.

*

ಮಧ್ಯಾಹ್ನ ಹೆಣವನ್ನು ಗುಣಿಗೆ ಇಳಿಸಿ ಕೂರಿಸಿದರು. ಅಯ್ಯನವರು ಹೆಣದ ಎಡಗೈಯಲ್ಲಿ ಲಿಂಗವಿಟ್ಟು ಪತ್ರೆ ಏರಿಸಿದರು. ಆಗ ಸಿದ್ದೇಶ್ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

"ಎರಡು ಮಾತಾಡ್ತೀನಿ. ಹಳೇ ಮಿಷನ್ನು ಹೊಸಾದನ್ನ ತಡ್ಕಳಲ್ಲ. ನಮ್ಮ ಪಂಚಾಕ್ಷರಪ್ಪನೂ ಹಂಗೇಯ. ಬ್ಯಾಡ ಅಂದ್ರೂ ಕೈಹಾಕಿ ಕಂಪ್ಯೂಟರ್‌ಗಳನ್ನ ಹಾಳು ಮಾಡಿದ್ರು. ಆದ್ರೂ ಸಮಿತಿ ಕೇಸು ಗೀಸು ಅಂತ ಹೋಗ್ಲಿಲ್ಲ. ದೊಡ್ಡ ಮನಸ್ಸು ಮಾಡ್ತು. ನಾನಂತೂ ಅವರನ್ನ ಕ್ಷಮಿಸಿದ್ದೀನಿ."

ಕ್ಷಮಿಸಿದ್ದಾನಂತೆ! ತೀರ್ಥಮ್ಮ ಗುಣಿಯೊಳಗೆ ಬಗ್ಗಿ ನೋಡಿದಳು.

"ತಪ್ಪಾಯ್ತು ಕಣ್ರೀ, ನನ್ನ ಕೈಲಿ ಇನ್ನಾಗಲ್ಲ" ಎಂದಳು ಗಂಡನಿಗೆ. ಆಮೇಲೆ ತಿರುಗಿ, "ರುದ್ರಮೂರ್ತಣ್ಣ, ಬನ್ನಿ ಮುಂದೆ. ಟಿ.ಪಿ.ಎಂ. ಅಂದ್ರೆ ಏನು? ಇವರ ಹೆಣದ ಮುಂದೆ ನಿಂತು ಹೇಳಿ."

"ಈಗ್ಯಾಕಮ್ಮ ಅದೆಲ್ಲ..."

"ಹೆಣದ ಮುಂದೆ ಕೇಳ್ತಾ ಅವ್ರೆ, ಹೇಳಪ್ಪ" ಎಂದರು ಅಯ್ಯನವರು.

ರುದ್ರಮೂರ್ತಿ ನೆಲ ನೋಡಿದ. "ಕಂಪ್ಯೂಟ್ರೊಳಗಿನ ಚಿಪ್ಪು."

"ಜೋರಾಗಿ!"

"ಚಿಪ್ಪು ಕಣಮ್ಮ, ಬೀಗದ ಚಿಪ್ಪು."

"ನಿಮ್ಮ ಭಾವ ಅಲ್ವಾ ಹಂಗಾದ್ರೆ?"

"ಅಲ್ಲ."

"ಅದು ಮಲಗೈತೆ, ಎಬ್ಬಿಸಿದ್ರೆ ಹನ್ನೊಂದೂ ಓಡ್ತವೆ ಅಂತ ಇವರು ಬರ್ಕೊಟ್ರು. ಈ ಪುಣ್ಯಾತ್ಮ ತನ್ನನ್ನೇ ಅಂದ್ರು ಅಂತ ಕೆಲಸದಿಂದ ಓಡಿಸ್ದ. ಇವನ ಮಾನ ಹೋಗ್ಬಾರ್ದು ಅಂತ ಇವರು ಸಾಯೋಗಂಟ ಬಾಯಿ ಮುಚ್ಕಂಡಿದ್ರು. ಯಾರು ಯಾರನ್ನ ಕ್ಷಮಿಸ್ಬೇಕು ಈಗ?"

ಹಾರೆ ಹಿಡಿದು ನಿಂತಿದ್ದ ಕೆಂಚಪ್ಪನಿಗೆ ಮೊದಲು ಹೊಳೆಯಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ, ಮೂಗಿನಿಂದ ನಗು ಹಾರಿತು. ಹಿಂದೆ ಯಾರೋ "ಟಿ.ಪಿ.ಎಂ. ಮಲಗೈತಂತೆ" ಅಂದರು. ಕರಿಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುವುದಕ್ಕೋ ನಗುವುದಕ್ಕೋ ಅವಳಿಗೇ ತಿಳಿಯಲಿಲ್ಲ. ಕೋಮಲಾ ಮಾತ್ರ ಅಮ್ಮನ ತೋಳು ಗಟ್ಟಿಯಾಗಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

"ಮಣ್ಣು ಕೊಡ್ರಪ್ಪ" ಎಂದರು ಅಯ್ಯನವರು.

ಮಗಳು ಹಾಕಿದಳು, ತೀರ್ಥಮ್ಮ ಹಾಕಿದಳು. ಸಿದ್ದೇಶ್ ಏನೂ ಆಗದವನಂತೆ ಬಗ್ಗಿ ಒಂದು ಹಿಡಿ ತುಂಬಿಕೊಂಡು ಗುಣಿಯ ಮೇಲೆ ಕೈ ಚಾಚಿದ. ತೀರ್ಥಮ್ಮ ಅವನ ಮಣಿಕಟ್ಟು ಹಿಡಿದಳು.

"ನಿಮ್ಮದು ಬ್ಯಾಡ."

ಕೈ ಹಿಂದಕ್ಕೆ ತಳ್ಳಿದಳು. ಗುಣಿಗೆ ಹಾಕುವಂತಿಲ್ಲ, ಹೆಣಕ್ಕೆಂದು ಎತ್ತಿದ ಮಣ್ಣನ್ನು ಅಷ್ಟು ಜನರ ಎದುರು ಕೊಡವಿಕೊಳ್ಳುವಂತೆಯೂ ಇಲ್ಲ. ಜನ ಅವನನ್ನು ಸುತ್ತಿ ಬಂದು ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಸಿದ್ದೇಶ್ ಕಾರಿನ ಕಡೆ ನಡೆದ. ರುದ್ರಮೂರ್ತಿ ಬಾಗಿಲು ತೆಗೆದ. ಸಿದ್ದೇಶ್ ಮಣ್ಣು ತುಂಬಿದ ಮುಷ್ಟಿಯನ್ನು ಬಿಳಿ ಅಂಗಿಗೆ ತಾಗದಂತೆ ದೂರ ಹಿಡಿದೇ ಒಳಗೆ ಕೂತ. ಕಾರು ಹೊರಟು ಅಜ್ಜಂಪುರದ ರಸ್ತೆಗೆ ತಿರುಗುವಾಗಲೂ ಆ ಮುಷ್ಟಿ ಕಿಟಕಿಯ ಹೊರಗೇ ಇತ್ತು.