ಗಾಳೆಪ್ಪ ಹೊಟ್ಟೆ ತೊಳೆದುಕೊಂಡದ್ದು

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಪಾಲಿಶ್ ಮೆಷಿನ್ ನೋಡಿಕೊಳ್ಳುವ ಗಾಳೆಪ್ಪನಿಗೆ ನಲವತ್ತೈದನೇ ವಯಸ್ಸಿನಲ್ಲಿ ತನ್ನ ಹೊಟ್ಟೆಯ ಮೇಲೆ ಗೌರವ ಹುಟ್ಟಿತು. ಹೊಸಪೇಟೆಯ ಡಾಕ್ಟರಮ್ಮ ಅನ್ನಪೂರ್ಣ ಹೇಳಿದ ಮಾತೇ ಹಾಗಿತ್ತು. ಮನುಷ್ಯನ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಂಸಾರ ಹೂಡಿರುತ್ತವಂತೆ. ನಾವು ಉಂಡದ್ದರಲ್ಲಿ ತಾವೂ ತಿಂದು, ಯಾರು ನಮ್ಮವರು, ಯಾರು ಕಳ್ಳರು ಎಂದು ಮೈಯ ಕಾವಲಿನವರಿಗೆ ಕಲಿಸಿಕೊಡುತ್ತವಂತೆ!

ಅವನ ಬೆನ್ನಿಗೆ ಬಿದ್ದ ತಂಗಿ ಹುಲುಗಮ್ಮನಲ್ಲಿ ಈ ಏರ್ಪಾಡು ಕೆಟ್ಟಿತ್ತು. ಒಳ್ಳೆಯ ಜೀವಿಗಳು ಕಡಿಮೆಯಾಗಿದ್ದವು, ಕಾವಲಿನವರು ಅವಳ ಕರುಳಿನ ಮೇಲೆಯೇ ತಿರುಗಿಬಿದ್ದಿದ್ದರು. ಎರಡು ವರ್ಷದಿಂದ ರಕ್ತಭೇದಿ. ನಾಟಿಗೆ ಹೋದವಳು ದಿನಕ್ಕೆ ಹತ್ತು ಸಲ ಗದ್ದೆ ಬಿಟ್ಟು ಓಡಬೇಕು. ಯಾವ ಔಷಧಿಯೂ ನಾಟಲಿಲ್ಲ. ಇನ್ನು ಉಳಿದದ್ದು ದೊಡ್ಡ ಕರುಳನ್ನೇ ತೆಗೆದುಹಾಕುವ ಆಪರೇಷನ್. ಅದಕ್ಕೆ ಮುಂಚೆ ಒಂದು ಪ್ರಯತ್ನ ಮಾಡೋಣ ಎಂದರು ಡಾಕ್ಟರಮ್ಮ. ಆರೋಗ್ಯವಂತರೊಬ್ಬರ ಮಲವನ್ನು ಸೋಸಿ, ಕೊಳವೆಯಿಂದ ಅವಳ ಕರುಳಿಗೆ ಬಿಡುವುದು. ಕೆಲವರಿಗೆ ಗುಣವಾಗುತ್ತದೆ, ಕೆಲವರಿಗೆ ಇಲ್ಲ.

ಹುಲುಗಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಾಳೆಪ್ಪ ಎದೆ ತಟ್ಟಿಕೊಂಡ.

"ನಂದೇ ತಗೊಳ್ರಿ ಮೇಡಂ. ಕಲ್ಲು ತಿಂದು ಕರಗಿಸ್ತೀನಿ."

ಪರೀಕ್ಷೆಗಳಲ್ಲಿ ಅವನು ಪಾಸಾದ. "ಎರಡು ವಾರ ಬಿಟ್ಟು ಬನ್ನಿ. ಈಗ ಹೇಗಿದ್ದೀರೋ ಹಾಗೇ ಇರಿ," ಎಂದರು ಡಾಕ್ಟರಮ್ಮ.

ಹಾಗೇ ಇರುವುದು ಗಾಳೆಪ್ಪನಿಂದ ಆಗುವ ಮಾತೇ? ರೊಟ್ಟಿ ಮುರಿಯುವಾಗಲೂ ಯೋಚನೆ: ಇದು ಯಾರಿಗೆ ಸೇರುತ್ತದೆ, ನನಗೋ ಅವಕ್ಕೋ? ಮಲಗಿದಾಗ ಅವೂ ಮಲಗುತ್ತವೆಯೇ? ಹೆಂಡತಿ ಹಂಪಕ್ಕ ನಕ್ಕಳು.

"ಬಸುರಿ ಹೆಂಗಸಿನಂಗ ಹೊಟ್ಟಿ ಸವರ್ಕೊಂತೀರಲ್ರಿ!"

ಆಮೇಲೆ ಒಂದು ಚಿಂತೆ ಹತ್ತಿತು. ತಂಗಿಗೆ ಉಡಿ ತುಂಬುವ ಅಕ್ಕಿಯನ್ನು ಅವನು ಪ್ರತಿವರ್ಷ ತಾನೇ ಕೂತು ಕಲ್ಲು ಆರಿಸಿ ಕೊಡುತ್ತಿದ್ದ. ಈಗ ಕೊಡುವುದನ್ನು ಹಾಗೇ ಕೊಡುವುದೇ? ಆ ಕೋಟಿಯಲ್ಲಿ ಹೊಲಸು ಎಷ್ಟಿದೆಯೋ! ಬಸ್‌ಸ್ಟ್ಯಾಂಡ್ ಮುಂದಿನ ಮೆಡಿಕಲ್ ಶಾಪಿಗೆ ಹೋಗಿ, ಹೊಟ್ಟೆಯೊಳಗಿನ ಹುಳವೆಲ್ಲ ಸಾಯುವ ಆಂಟಿಬಯಾಟಿಕ್ ಕೇಳಿ ತಂದ. ಐದು ದಿನ ಹೊತ್ತು ತಪ್ಪದೆ ನುಂಗಿದ.

ಹೇಳಿದ ದಿನ ಅಣ್ಣ, ತಂಗಿ, ಹಂಪಕ್ಕ ಮೂವರೂ ಹೊಸಪೇಟೆಗೆ ಹೋದರು. ಕೂರುವ ಮೊದಲೇ ಗಾಳೆಪ್ಪ ತನ್ನ ಸಾಹಸ ಒಪ್ಪಿಸಿದ.

"ಎಲ್ಲಾ ಸ್ವಚ್ಛ ಮಾಡ್ಕೊಂಡು ಬಂದೀನ್ರಿ. ಒಂದು ಹುಳಾನೂ ಉಳಿದಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಗಾಳೆಪ್ಪ, ನಮಗೆ ಬೇಕಾಗಿದ್ದೇ ಆ ಹುಳ."

ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. "ಹಂಗಾರ... ಮತ್ತ ಬರಂಗಿಲ್ಲೇನ್ರಿ ಅವು?"

"ಬಹಳಷ್ಟು ಬರುತ್ತವೆ. ಆದರೆ ಮೂರು ತಿಂಗಳು ನಿಮ್ಮದನ್ನು ತಗೊಳ್ಳೋ ಹಾಗಿಲ್ಲ. ಇವರು ಅಷ್ಟು ದಿನ ಕಾಯೋ ಸ್ಥಿತಿಯಲ್ಲಿಲ್ಲ."

ಹುಲುಗಮ್ಮ ಬೈಯಲಿಲ್ಲ. "ಇರ್ಲಿ ಬಿಡಣ್ಣ, ನನ್ನ ಸಲುವಾಗೇ ಮಾಡೀಯಲ್ಲ," ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗಾಳೆಪ್ಪನಿಗೆ.

ಬಾಗಿಲ ಬಳಿ ನಿಂತಿದ್ದ ಹಂಪಕ್ಕ ಕೇಳಿದಳು. "ನಂದು ನಡಿತೈತೇನ್ರಿ ಮೇಡಂ?"

ಡಾಕ್ಟರಮ್ಮ ಅವಳತ್ತ ತಿರುಗಿದರು. ಇಷ್ಟು ದಿನ ಅವಳನ್ನು ಕೇಳಬೇಕೆಂದು ಗಾಳೆಪ್ಪನಿಗೆ ಹೊಳೆದೇ ಇರಲಿಲ್ಲ.

"ಈಚೆಗೆ ಏನಾದರೂ ಮಾತ್ರೆ ತಗೊಂಡಿದ್ದೀರಾ?"

"ಇಲ್ರಿ. ಹ್ವಾದ ವರ್ಷ ಜ್ವರ ಬಂದು ಎಂಟು ದಿನ ಮಲಗಿದ್ದೆ. ಮಾತ್ರಿ ತರ್ರಿ ಅಂತ ದಿನಾ ಹೇಳಿ ಕಳಿಸ್ತಿದ್ದೆ. ಇವ್ರು ದಿನಾ ಮರತು ಬರ್ತಿದ್ರು."

"ಒಳ್ಳೆಯದೇ ಆಯಿತು," ಎಂದು ಡಾಕ್ಟರಮ್ಮ ಪರೀಕ್ಷೆಯ ಚೀಟಿ ಬರೆಯತೊಡಗಿದರು. ಹುಲುಗಮ್ಮ ಎದ್ದು ಅತ್ತಿಗೆಯ ಕೈ ಹಿಡಿದುಕೊಂಡಳು.

ಗಾಳೆಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಜ್ವರ ಭಾಳ ಇತ್ತೇನು?" ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದ. ಅವಳು ವಾಸಿಯಾಗಿ ಎದ್ದು ವರ್ಷವಾಗಿತ್ತು.