ಹೊರಗಿನ ನಲ್ಲಿ

"ನಲ್ಲಿ ನಿಮ್ಮದು, ನೀರು ನಿಮ್ಮ ಅಂಗಳದಿಂದಲೇ ರಸ್ತೆಗೆ ಬಂದಿದೆ. ವಾಲ್ವ್ ತಿರುಗಿಸಿದ್ದು ಯಾರು ಅಂತ ಹೇಳಿಬಿಡಿ ನೆಲ್ಡಮ್ಮ, ಎಲ್ಲರೂ ಊಟಕ್ಕೆ ಹೋಗೋಣ," ಎಂದ ಬರ್ಲ್. ಹಗಲೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡುವ ಅವನೇ ಊರಿನ ನೀರಿನ ಸಮಿತಿಯ ಅಧ್ಯಕ್ಷ. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿರಲಿಲ್ಲ.

ನೆಲ್ಡಾ ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅಗ್ನಿಶಾಮಕ ಠಾಣೆಯ ಹಾಲ್ ತುಂಬ ಜನ. ಅವಳು ಬರ್ಲ್‌ನ ಮುಖ ನೋಡಲಿಲ್ಲ. ಮೇಜಿನ ಎಡತುದಿಯಲ್ಲಿ ಕೂತಿದ್ದ ಹಿಲ್ಮಾರ್‌ನನ್ನು ನೋಡಿದಳು. ಅವನು ಸಮಿತಿಯ ಸದಸ್ಯ, ತಂಗಿ ಅರ್ಲೀನಳ ಗಂಡ, ವಾಲ್ವ್ ತಿರುಗಿಸಿದವನು. ಈಗ ಏಳುತ್ತಾನೆ ಎಂದುಕೊಂಡಳು.

ಟೆಕ್ಸಾಸಿನ ಈ ಗುಡ್ಡಗಾಡಿನಲ್ಲಿ ಚಳಿ ಬಂದರೆ ನೆಂಟರ ಹಾಗೆ, ನಾಲ್ಕು ದಿನ ಇದ್ದು ಹೋಗುತ್ತದೆ. ಆದರೆ ಆ ನಾಲ್ಕೇ ದಿನದಲ್ಲಿ, ಹೊರಗಿನ ಪೈಪಿನಲ್ಲಿ ನಿಂತ ನೀರು ಹೆಪ್ಪುಗಟ್ಟಿ ಪೈಪನ್ನೇ ಸೀಳಿಬಿಡುತ್ತದೆ. ಅದಕ್ಕೇ ಬಡಗಣ ಗಾಳಿ ಎದ್ದ ಕೂಡಲೇ ನೆಲದೊಳಗಿನ ವಾಲ್ವ್ ಮುಚ್ಚಿ, ಕೆಳಗಿನ ತಿರುಪು ಬಿಚ್ಚಿ, ಪೈಪು ಖಾಲಿ ಮಾಡಿ, ನಲ್ಲಿಗೆ ಹಳೇ ಟವೆಲ್ ಸುತ್ತಬೇಕು. ಅರ್ಲೀನಳನ್ನು ಮದುವೆಯಾದ ವರ್ಷದಿಂದ ಹಿಲ್ಮಾರ್ ಈ ಕೆಲಸವನ್ನು ಅತ್ತಿಗೆಯ ಮನೆಗೆ ಬಂದು ಮಾಡಿಕೊಡುತ್ತಿದ್ದ, ಸಾಸೇಜು ಆಲೂಗಡ್ಡೆ ತಿಂದು ಹೋಗುತ್ತಿದ್ದ. ಒಂಟಿ ಹೆಂಗಸಿಗೆ ಇನ್ನೇನು ಬೇಕು, ತಂಗಿಯ ಗಂಡ ತಮ್ಮನಿಗಿಂತ ಹೆಚ್ಚು ಎಂದು ನೆಲ್ಡಾ ಶಾಲೆಯ ಅಡುಗೆಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಅವಳು ಅಲ್ಲಿ ಅಡುಗೆಯವಳು.

ಈ ಸಲ ಮಾತ್ರ ಹೊಸ ನಿಯಮ ಬಂದಿತ್ತು. ಮೂರು ವರ್ಷದಿಂದ ಮಳೆ ಕೈಕೊಟ್ಟಿದೆ. ಹೊರಗಡೆ ಒಂದು ತೊಟ್ಟು ನೀರೂ ಸುಮ್ಮನೆ ನೆಲಕ್ಕೆ ಬೀಳಕೂಡದು. ಪೈಪು ಖಾಲಿ ಮಾಡುವ ನೀರನ್ನೂ ಪೀಪಾಯಿಗೆ ಹಿಡಿದು ಗಿಡಕ್ಕೆ ಹಾಕಬೇಕು. ಆ ನಿಯಮಕ್ಕೆ ಸಮಿತಿಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ಹಿಲ್ಮಾರ್‌ನೇ.

ಅಂದು ಅವನಿಗೆ ಅವಸರ. ಜಿಂಕೆ ಬೇಟೆಗೆ ಗೆಳೆಯರು ಕಾಯುತ್ತಿದ್ದರು. ನೆಲ್ಡಾ ಪೀಪಾಯಿ ಉರುಳಿಸಿಕೊಂಡು ಬಂದರೆ, "ಬಿಡಕ್ಕಾ, ಪೈಪಲ್ಲಿರೋದೆಷ್ಟು ನೀರು? ನೆಲಾನೂ ಒಂದು ಗುಟುಕು ಕುಡೀಲಿ. ಯಾರಾದ್ರೂ ಕೇಳಿದ್ರೆ ನಾನಿಲ್ವಾ?" ಎಂದು ನಕ್ಕ. ತಿರುಪು ಬಿಚ್ಚಿದ, ಟವೆಲ್ ಸುತ್ತಿದ, ಹೊರಟ. ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ. ರಾತ್ರಿಯಿಡೀ ನೀರು ಹರಿದು ರಸ್ತೆಗಿಳಿದು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ ಗಾಜಿನ ಹಲಗೆಯಾಗಿತ್ತು. ಅಂಚೆ ತರುವ ಎಲೋಯ್ಸಾಳ ಕಾರು ಅದರ ಮೇಲೆ ಜಾರಿ ಚರಂಡಿಗೆ ಬಿತ್ತು. ಅವಳ ಮಣಿಕಟ್ಟು ಮುರಿಯಿತು.

ಸುದ್ದಿ ತಿಳಿದು ಹಿಲ್ಮಾರ್ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. "ಸಭೇಲಿ ನಾನೇ ಎದ್ದು ಒಪ್ಕೋತೀನಿ. ನೀನು ಬಾಯಿ ಬಿಡಬೇಡ ಅಕ್ಕಾ, ನನ್ನ ಬಾಯಿಂದಲೇ ಬಂದ್ರೆ ಮರ್ಯಾದೆ," ಎಂದಿದ್ದ. ಅವಳು ಬಾಯಿ ಬಿಟ್ಟಿರಲಿಲ್ಲ.

ಈಗ ಅವನು ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ, ಹಾಕುತ್ತಿದ್ದ.

"ದಿನಾ ನಿನ್ನ ಮನೆ ಬಾಗಿಲಿಗೇ ಬರ್ತೀನಲ್ಲ ನೆಲ್ಡಾ," ಎಂದಳು ಮುಂದಿನ ಸಾಲಿನಿಂದ ಎಲೋಯ್ಸಾ, ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. "ಪರಿಹಾರ ಗಿರಿಹಾರ ನಂಗೆ ಬೇಡ. ಯಾರು ಅಂತ ಒಂದು ಮಾತು ಹೇಳೋಕೇನು?"

ಹೇಳಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮೂರನೆಯ ಸಾಲಿನಲ್ಲಿ ಅರ್ಲೀನ್ ಕೂತಿದ್ದಳು, ಎರಡೂ ಕೈ ಹೆಣೆದುಕೊಂಡು, ಅಕ್ಕನನ್ನೇ ನೋಡುತ್ತ. ತಾಯಿ ಸತ್ತಾಗ ಅವಳಿನ್ನೂ ಹಾಲುಹಲ್ಲಿನ ಮಗು. ತಲೆ ಬಾಚಿ, ಬುತ್ತಿ ಕಟ್ಟಿ, ಜ್ವರ ಬಂದರೆ ಎದೆಗವಚಿಕೊಂಡು ಸಾಕಿದವಳು ನೆಲ್ಡಾ. ಊರೆದುರಿಗೆ ಅವಳ ಮನೆಯ ಮಾನ ತೆಗೆಯುವುದು ಹೇಗೆ?

"ನಾನೇ," ಎಂದಳು ನೆಲ್ಡಾ.

ಹೇಳಿ ಹಿಲ್ಮಾರ್‌ನ ಕಡೆ ತಿರುಗಿದಳು. ಈಗಲಾದರೂ ಎದ್ದೇಳುತ್ತಾನೆ, ಇಷ್ಟು ಕೇಳಿದ ಮೇಲೂ ಕೂತಿರಲು ಅವನೇನು ಕಲ್ಲೇ? ಅವನು ಬಾಟಲಿ ಎತ್ತಿ ನೀರು ಕುಡಿದ.

ಎಲೋಯ್ಸಾ ಮುಖ ತಿರುಗಿಸಿಕೊಂಡಳು. ಬರ್ಲ್ ಕೆಮ್ಮಿ ಗಂಟಲು ಸರಿ ಮಾಡಿಕೊಂಡ. ನಿಯಮದ ಪ್ರಕಾರ, ಬರದ ಕಟ್ಟಳೆ ಮುಗಿಯುವವರೆಗೆ ನೀರು ಚೆಲ್ಲಿದವರ ಹೊರಗಿನ ಲೈನಿಗೆ ಬೀಗ ಬೀಳುತ್ತದೆ ಎಂದ. ಅಂದರೆ ಬೇಸಿಗೆಯೂ ಹೋಯಿತು. ಬೇಲಿಯುದ್ದಕ್ಕೂ ತಾನೇ ಕಸಿ ಕಟ್ಟಿ ನಿಲ್ಲಿಸಿದ ಪೀಚ್ ಸಸಿಗಳು ನೆಲ್ಡಾಳ ಕಣ್ಣ ಮುಂದೆ ಬಂದವು. ಅಡುಗೆಮನೆಯಿಂದ ಬಕೆಟ್ಟು ಹೊತ್ತು ಎಷ್ಟನ್ನು ಉಳಿಸಿಕೊಂಡಾಳು?

"ಒಪ್ಪಿಗೆ ಇರೋರು ಕೈ ಎತ್ತಿ," ಎಂದ ಬರ್ಲ್.

ಮೊದಲು ಎದ್ದದ್ದು ಹಿಲ್ಮಾರ್‌ನ ಕೈ. "ನಿಯಮ ಅಂದಮೇಲೆ ಎಲ್ಲರಿಗೂ ಒಂದೇ," ಎಂದ ಅವನು, ಮೇಜನ್ನೇ ನೋಡುತ್ತ. "ನಮ್ಮನೆಯೋರಾದ್ರೂ ಅಷ್ಟೇ."

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ನೋಡಿದವರು ಬೇಲಿಯನ್ನೇ ಹೊಗಳುವ ಕಾಲ. ನೆಲ್ಡಾ ಕುರ್ಚಿಯ ಬೆನ್ನು ಬಿಟ್ಟಳು. ಕೋಟು ತೆಗೆದುಕೊಂಡು ಹೊರಗೆ ನಡೆದಳು.

ಹೊರಗೆ ಗಾಳಿ ಮತ್ತೆ ಎದ್ದಿತ್ತು. ಅವಳ ಕಾರಿನ ಮುಂದಿನ ಗಾಜಿನ ಮೇಲೆ ಹಿಮ ಕಚ್ಚಿಕೊಂಡಿತ್ತು. ಕೆರೆಯಲು ಶುರುಮಾಡಿದ್ದಳಷ್ಟೇ, ಅರ್ಲೀನ್ ಓಡುತ್ತ ಬಂದು ಅವಳ ತೋಳು ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಅಕ್ಕಾ, ನಿನ್ನ ಋಣ ಯಾವ ಜನ್ಮಕ್ಕೆ ತೀರ್ಸ್ಲಿ?"

"ನಿನ್ನ ಗಂಡನಿಗೆ ನಾಲಿಗೆ ಬಿದ್ದುಹೋಗಿತ್ತೇನೇ?"

"ಅವರನ್ನ ಬೈಬೇಡ. ಅವರು ಹೇಳೋಕಂತಲೇ ಹೊರಟಿದ್ರು. ನಾನೇ ಬೇಡ ಅಂದೆ."

ನೆಲ್ಡಾಳ ಕೈ ನಿಂತಿತು. "ನೀನಾ?"

"ಮೇ ತಿಂಗಳಲ್ಲಿ ಸಮಿತಿ ಚುನಾವಣೆ ಇದೆಯಲ್ಲ. ನಿಯಮ ಮಾಡ್ದೋನೇ ಮುರಿದ ಅಂತಾದ್ರೆ ಊರಲ್ಲಿ ತಲೆ ಎತ್ತೋ ಹಾಗಿಲ್ಲ. ನಿಂಗಾದ್ರೆ ಏನು, ಒಬ್ಬಳೇ ಇರೋಳು, ನಾಲ್ಕು ದಿನ ಆಡ್ಕೊಂಡು ಸುಮ್ಮನಾಗ್ತಾರೆ." ಅರ್ಲೀನ್ ಮೂಗು ಒರೆಸಿಕೊಂಡಳು. "ಅವರಿಗೆ, ನೀವು ಸುಮ್ನೆ ಕೂತ್ಕೊಳ್ಳಿ, ಅಕ್ಕನ ಎದುರಿಗೆ ನಾನು ಕೂತಿರ್ತೀನಿ, ಅವಳು ನನ್ನ ಬಿಟ್ಟುಕೊಡಲ್ಲ ಅಂದೆ. ನೋಡು, ಕೊಡಲಿಲ್ಲ."

ಅದನ್ನು ಅವಳು ಹೊಗಳಿಕೆಯ ಹಾಗೇ ಹೇಳಿದಳು. ಹಿಲ್ಮಾರ್‌ನ ಮೋಸವನ್ನು ನೆಲ್ಡಾ ಹೇಗೋ ನುಂಗುತ್ತಿದ್ದಳು. ಅವನು ಎಷ್ಟೆಂದರೂ ಹೊರಗಿನಿಂದ ಬಂದವನು. ಇದನ್ನು ನುಂಗಲಾಗಲಿಲ್ಲ.

"ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ್ದು ಕೇಳಿದ್ದೆ," ಎಂದಳು ಮೆಲ್ಲಗೆ. "ಆ ಕೋತಿನ ಎತ್ತಿ ಆಡಿಸಿ ಸಾಕಿದ್ದು ಮೇಕೇನೇ ಅಂತ ಗೊತ್ತಿರಲಿಲ್ಲ. ತೋಳು ಬಿಡು."

"ಅಕ್ಕಾ."

"ಬಿಡು ಅಂದೆ."

ಅರ್ಲೀನ್ ಬಿಟ್ಟಳು. ಆಚೆ ನಿಲ್ಲಿಸಿದ್ದ ಪಿಕಪ್ ಗಾಡಿಯ ಕಡೆ ಹೋದಳು. ಹಿಲ್ಮಾರ್ ಆಗಲೇ ಒಳಗೆ ಕೂತು ಎಂಜಿನ್ ಶುರು ಮಾಡಿದ್ದ. ಕೈಚಾಚಿ ಹೆಂಡತಿಗೆ ಬಾಗಿಲು ತೆಗೆದ. ಅವರು ಹೊರಡಲಿಲ್ಲ. ಗಾಡಿಯನ್ನು ನಿಧಾನ ತಿರುಗಿಸಿ, ನೆಲ್ಡಾಳಿಗೆ ಕೆರೆಯಲು ಅನುಕೂಲವಾಗಲಿ ಎಂದು, ದೊಡ್ಡ ದೀಪಗಳನ್ನು ಅವಳ ಕಾರಿನ ಮೇಲೆ ಬಿಟ್ಟು ನಿಂತರು.

ಮುಂದಿನ ಗಾಜು ಬೆಳ್ಳಗೆ ಹೊಳೆಯಿತು. ನೆಲ್ಡಾ ಹೊಳೆಯುವ ಕಡೆ ಬಿಟ್ಟು, ಗಾಜಿಗೂ ದೀಪಗಳಿಗೂ ನಡುವೆ ಬಂದಳು. ದೀಪಗಳಿಗೆ ಬೆನ್ನು ಕೊಟ್ಟು ಬಗ್ಗಿ, ತನ್ನದೇ ನೆರಳು ಬಿದ್ದ ಕಡೆ ಕೆರೆಯತೊಡಗಿದಳು.